ಬಾಡಿಗೆಗೆ ಹೋಗದ ಚಂದ್ರಿಕೆಗಳು

ಕೊಳ್ಳೇಗಾಲದಲ್ಲಿ ನಮ್ಮ ಅಂಗಡಿ ಸಂತೆಗೆ ಹೋಗುವ ರಸ್ತೆಯಲ್ಲಿತ್ತು. ಅಂಗಡಿ ಅಂದರೆ ಗೋಡೆಯಿಲ್ಲ, ಬಾಗಿಲಿಲ್ಲ. ತೆಂಗಿನ ಗರಿ ಹೊದಿಸಿದ ಉದ್ದನೆಯ ಚಪ್ಪರ ಅಷ್ಟೆ. ಅದರೊಳಗೆ ಚಂದ್ರಿಕೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿರುತ್ತಿದ್ದೆವು. ರೇಷ್ಮೆಹುಳ ಸಾಕಿದವರಿಗೆ ಚಂದ್ರಿಕೆ ಏನೆಂದು ಹೇಳಬೇಕಾಗಿಲ್ಲ. ಮಿಕ್ಕವರಿಗೆ ಹೇಳುತ್ತೇನೆ. ಬಿದಿರಿನ ಚಾಪೆ, ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತದೆ. ಹುಳ ಸೊಪ್ಪು ತಿಂದು ತಿಂದು ಕೊನೆಗೊಂದು ದಿನ ತಿನ್ನುವುದನ್ನು ಬಿಡುತ್ತದೆ, ಮೈ ಹಳದಿ ತಿರುಗುತ್ತದೆ. ಹುಳ ಹಣ್ಣಾಯಿತು ಅನ್ನುತ್ತಾರೆ. ಆಗ ಅದನ್ನು ಆಯ್ದು ಈ ಸುರುಳಿಯ ಸಂದಿಗೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತದೆ. ಆ ಹೊತ್ತಿಗೆ ಚಂದ್ರಿಕೆ ಇಲ್ಲದಿದ್ದರೆ ತಟ್ಟೆಯಲ್ಲೇ ಅಲೆದಾಡಿ ನೂಲು ಕಕ್ಕಿ ಹಾಳಾಗುತ್ತದೆ. ಮನೆಮಂದಿಯೆಲ್ಲ ಒಂದು ತಿಂಗಳು ನಿದ್ದೆಗೆಟ್ಟಿದ್ದು ಹೊಂಡಕ್ಕೆ ಬಿತ್ತು.

ಸಣ್ಣ ಮನೆಯವರಿಗೆ ಚಂದ್ರಿಕೆ ಇಟ್ಟುಕೊಳ್ಳಲು ಜಾಗವಿಲ್ಲ. ಅದರ ಉದ್ದ ಒಬ್ಬ ಆಳು ಮಲಗುವಷ್ಟು. ಬೇಕಾಗುವುದು ಬೆಳೆಗೆ ನಾಲ್ಕಾರು ದಿನ. ಅದಕ್ಕೇ ನಮ್ಮ ಮನೆಯವರು ಮಾಡಿ ಮಾರುವ ಬದಲು ಮಾಡಿ ಬಾಡಿಗೆಗೆ ಕೊಡಲು ಶುರುಮಾಡಿದ್ದು. 

ಅದಕ್ಕೆ ಮುಂಚೆ ನಾವು ಮೊರ ಮಂಕರಿ ಹೆಣೆದು ತಲೆಯ ಮೇಲೆ ಹೊತ್ತು ಮಾರುತ್ತಿದ್ದ ಮೇದರು. ಒಂದು ವಾರ ಹನೂರಿನ ಕಡೆ, ಒಂದು ವಾರ ಯಳಂದೂರಿನ ಕಡೆ. ಊರೂರಲ್ಲಿ ಕೂಗಿಕೊಂಡು ಹೋಗುವುದು, ಅರಳಿಕಟ್ಟೆಯ ಕೆಳಗೆ ಮಲಗುವುದು. ನನ್ನ ಮೊದಲ ಬಸಿರು ಹನೂರಿನ ದಾರಿಯಲ್ಲಿ ಹೊರೆಯ ಕೆಳಗೇ ಇಳಿದುಹೋಯಿತು. ಅಲ್ಲೇ ಬೇಲಿಯ ಮರೆಯಲ್ಲಿ ಸೀರೆ ಬದಲಾಯಿಸಿ ಮತ್ತೆ ಹೊರೆ ಎತ್ತಿಕೊಂಡೆ, ಎತ್ತದೆ ಏನು ಮಾಡುವುದು? ಆಮೇಲೆ ಒಬ್ಬಳು ಮಗಳು ಹುಟ್ಟಿ ಉಳಿದಳು. ಯುದ್ಧ ಬಂತು, ರೇಷ್ಮೆಗೆ ಎಲ್ಲಿಲ್ಲದ ಬೆಲೆ ಬಂತು, ಹಿತ್ತಿಲಿದ್ದವರೆಲ್ಲ ಹಿಪ್ಪುನೇರಳೆ ಹಾಕಿದರು. ಆಗ ಇವರು ಚಪ್ಪರ ಹಾಕಿದ್ದು. ಹನೂರಿನ ಆಚೆಯ ಕಾಡಿನಿಂದ ಪರ್ಮಿಟ್ಟು ಮಾಡಿಸಿ ಗಾಡಿಯಲ್ಲಿ ಬಿದಿರು ತರಿಸಿದರು. ನಮ್ಮ ಕುಲದವರನ್ನೇ ನಾಲ್ಕು ಜನರನ್ನು ಕೂಲಿಗೆ ಕೂರಿಸಿದರು. ನಾನು ಹೊರೆ ಇಳಿಸಿದೆ. ಇನ್ನು ಸತ್ತರೂ ಅದನ್ನು ತಲೆಗೆ ಏರಿಸುವುದಿಲ್ಲ ಎಂದುಕೊಂಡೆ. ನನಗೆ ಬೇಕಾಗಿದ್ದು ಅಷ್ಟೇ. ಸಾವ್ಕಾರ್ತಿ ಅನ್ನಿಸಿಕೊಳ್ಳುವ ಆಸೆ ನನಗಿರಲಿಲ್ಲ.

ಹೊಟ್ಟೆ ತುಂಬಿದ ಮೇಲೆ ಇವರಿಗೆ ಊರ ಉಸಾಬರಿ ಹತ್ತಿತು. ಬೇಸಿಗೆಯಲ್ಲಿ ಅಂಗಡಿ ಮುಂದೆ ನೀರಿನ ಗುಡಾಣ ಇಟ್ಟರು. ಗಾಂಧಿ ಟೋಪಿಯ ಮೇಷ್ಟ್ರೊಬ್ಬರು ಒಂದು ಗುಂಪು ಕಟ್ಟಿದ್ದರು, ಅದಕ್ಕೆ ಸೇರಿ ವಾಲಂಟಿಯರು ಅಂತ ತೋಳಿಗೆ ಬಟ್ಟೆ ಕಟ್ಟಿಕೊಂಡರು. ಕಾಲರಾ ಸುದ್ದಿ ಬಂದರೆ ಬಾವಿಬಾವಿಗೆ ಕೆಂಪು ಪುಡಿ ಹಾಕುವುದು, ಸೂಜಿ ಹಾಕುವವರ ಜೊತೆ ಕೇರಿ ಕೇರಿ ತಿರುಗುವುದು. ದಿಕ್ಕಿಲ್ಲದ ಹೆಣ ಇದ್ದರೆ ಚಟ್ಟ ಕಟ್ಟಿ ಹೊರುವುದೂ ಇವರೇ. ಬಿದಿರಿನವನಲ್ಲವೇ, ಚಟ್ಟ ಕಟ್ಟುವುದು ಬೇರೆ ಯಾರಿಗೆ ಬರಬೇಕು ಅನ್ನುತ್ತಿದ್ದರು.

ನಾನು ಹೇಳಿದೆ, "ಉಳ ಸಾಕೋರು ಬರೋ ಅಂಗ್ಡಿ ಇದು. ಎಣ ಮುಟ್ಟಿದ್ ಕೈಲಿ ಚಂದ್ರಿಕೆ ಮುಟ್ಬೇಡಿ."

"ಮಿಂದೇ ಬತ್ತೀನಲ್ಲ ಕಣಮ್ಮಿ."

"ಮಿಂದ್ರ ಜನದ್ ಬಾಯೂ ತೊಳ್ದೋದದಾ?"

ನಕ್ಕರು. ಅವರಿಗೆ ನನ್ನ ಮಾತು ಯಾವಾಗಲೂ ತಮಾಷೆಯೇ.

ನಾನು ಹೇಳಿದ್ದು ತಮಾಷೆಯಲ್ಲ. ಹುಳದ ಮನೆ ದೇವರ ಮನೆಗಿಂತ ಹೆಚ್ಚು. ಮುಟ್ಟಾದವಳು ಹೋಗುವಂತಿಲ್ಲ, ಬಾಣಂತಿ ಹೋಗುವಂತಿಲ್ಲ, ಒಗ್ಗರಣೆಯ ಹೊಗೆಯೂ ಹೋಗುವಂತಿಲ್ಲ. ಹೆಣ ಕಂಡು ಬಂದವನಂತೂ ಮೂರು ಮನೆ ಆಚೆಗೇ ನಿಲ್ಲಬೇಕು. ಸೂತಕದ ಗಾಳಿ ಸೋಕಿದರೆ ಹುಳ ಬೆಳ್ಳಗೆ ಸುಣ್ಣದ ಕಡ್ಡಿಯ ಹಾಗೆ ಸೆಟೆದುಕೊಂಡು ಸಾಯುತ್ತದೆ ಅಂತ ಎಲ್ಲರ ನಂಬಿಕೆ. ನನ್ನದೂ ಅದೇ ನಂಬಿಕೆಯಾಗಿತ್ತು. ಈಗ ಏನೆಂದು ಹೇಳಲಾರೆ.

ಆ ವರ್ಷದ ಕಾಲರಾ ಜೋರಾಗಿ ಬಂತು. ಊರು ಅರ್ಧ ಖಾಲಿಯಾಯಿತು. ಕಾಡಿನ ಕಡೆ ಗಾಡಿ ಹೋಗುತ್ತಿರಲಿಲ್ಲ, ಪರ್ಮಿಟ್ಟು ಕೊಡುವ ಗಾರ್ಡುಗಳೇ ಓಡಿಹೋಗಿದ್ದರು. ಇದ್ದ ಹಸಿ ಬಿದಿರೆಲ್ಲ ಚಟ್ಟಕ್ಕೇ ತೀರಿತು. ಅಂಥ ಹೊತ್ತಿನಲ್ಲಿ ಛತ್ರದ ಜಗಲಿಯಲ್ಲಿ ಒಬ್ಬ ಸತ್ತುಬಿದ್ದಿದ್ದ. ಸತ್ಯಮಂಗಲದ ಕಡೆಯಿಂದ ಬಂದ ತಮಿಳಿನವನು, ಬಳೆ ಮಾರುತ್ತಿದ್ದವನು. ಹೆಣ ಬಿಸಿಲಿಗೆ ಊದಿಕೊಂಡಿತ್ತು. ಛತ್ರದವರು ಬಾಗಿಲು ಹಾಕಿಕೊಂಡು ಹೋಗಿದ್ದರು.

ಇವರು ಚಪ್ಪರದೊಳಗೆ ಬಂದರು, ಹೊಸ ಚಂದ್ರಿಕೆ ಒಂದನ್ನು ಎಳೆದರು, ಇನ್ನೂ ಯಾರ ಮನೆಗೂ ಹೋಗದ್ದು. ಕತ್ತಿ ಹಾಕಿ ಸುರುಳಿ ಪಟ್ಟಿಯನ್ನೆಲ್ಲ ಕಿತ್ತು ಚಾಪೆ ಮಾಡಿದರು.

"ಏನ್ ಮಾಡ್ತಾ ಇದ್ದೀರಿ?" ಅಂದೆ.

"ಬಿದ್ರಿಲ್ಲ. ಅವ್ನು ಅಲ್ಲಿ ಕೊಳೀತಾವ್ನೆ."

"ಕೊಳೀಲಿ. ಅವ್ನೇನ್ ನಿಮ್ ಅಣ್ಣನಾ ತಮ್ಮನಾ?"

"ಯಾರ್ಗೋ ಆಗಿರ್ತಾನೆ ಬುಡು" ಅಂದು ಹೊತ್ತುಕೊಂಡು ಹೋದರು.

ಜೊತೆಗೆ ಗುಂಪಿನ ಮೂವರು ಹೋದರು. ನದಿಯ ದಾರಿಯಲ್ಲಿ ಗುಂಡಿ ತೋಡಿ ಹೆಣವನ್ನು ಚಾಪೆಯ ಸಮೇತ ಮಣ್ಣು ಮಾಡಿದರು. ಇಷ್ಟೇ ನಡೆದದ್ದು. ಆದರೆ ದಾರಿಯಲ್ಲಿ ಮುಳ್ಳೂರಿನ ಒಬ್ಬ ಜಮೀನ್ದಾರರು ಗಾಡಿಯಲ್ಲಿ ಎದುರಾದರು. ನಮ್ಮ ದೊಡ್ಡ ಗಿರಾಕಿ, ಬೆಳೆಬೆಳೆಗೂ ಗಾಡಿ ತುಂಬ ಚಂದ್ರಿಕೆ ಒಯ್ಯುವವರು. ಅವರು ಕಂಡದ್ದು ಏನು? ಚಂದ್ರಿಕೆಯ ಅಂಚು ಕಟ್ಟಿದ ಚಾಪೆ, ಅದರ ಮೇಲೆ ಹೆಣ, ಮುಂದೆ ಹೆಗಲು ಕೊಟ್ಟ ಚಂದ್ರಿಕೆ ಅಂಗಡಿಯವನು.

ಕಾಲರಾ ಇಳಿದ ಮೇಲೆ ಮುಳ್ಳೂರಿನವರ ಆಳುಗಳು ಎಂದಿನಂತೆ ನಮ್ಮ ಚಂದ್ರಿಕೆ ಒಯ್ದರು. ಆ ಮೊದಲ ಬೆಳೆಗೇ ಅಲ್ಲಿ ಹುಳ ಸುಣ್ಣ ಕಟ್ಟಿ ಸತ್ತವು. ಥಂಡಿ ಇತ್ತು, ಸೊಪ್ಪು ಒದ್ದೆ ಇತ್ತು. ಬಾಡಿಗೆ ಚಂದ್ರಿಕೆ ಮನೆಯಿಂದ ಮನೆಗೆ ಹೋಗುವುದರಿಂದ ರೋಗವೂ ಅದರ ಜೊತೆ ಹೋಗುತ್ತದೆ ಅಂತ ರೇಷ್ಮೆ ಆಫೀಸಿನವರೊಬ್ಬರು ಆಮೇಲೆ ಹೇಳಿದ್ದನ್ನು ಕೇಳಿದ್ದೇನೆ. ಇದ್ದರೂ ಇರಬಹುದು. ಇವರು ಪ್ರತಿಯೊಂದನ್ನೂ ಬಿಸಿಲಿಗೆ ಒಣಗಿಸಿ ಹೊಗೆ ಕೊಟ್ಟೇ ಇಡುತ್ತಿದ್ದರು. ಆದರೆ ಮುಳ್ಳೂರಿನವರಿಗೆ ಥಂಡಿಯೂ ಬೇಡ, ರೋಗವೂ ಬೇಡ. ಹೆಣದ ಚಂದ್ರಿಕೆ ಮನೆಗೆ ಬಂದಿತ್ತು, ಹುಳ ಸತ್ತವು, ಮುಗಿಯಿತು.

ಜಮೀನ್ದಾರರು ಬರುತ್ತಾರೆಂದು ಹಿಂದಿನ ದಿನವೇ ಗೊತ್ತಾಗಿತ್ತು. ನಾನು ಇವರಿಗೆ ಹೇಳಿಕೊಟ್ಟಿದ್ದೆ. "ಅದು ಹಳೇ ಈಚಲ ಚಾಪೆ ಅನ್ನಿ. ದೂರದಿಂದ ಕಂಡೋರ್ಗೆ ಏನ್ ಗೊತ್ತಾದದು? ಅನ್ನಿ, ಸುಮ್ನಾಗಿ." ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅನ್ನುತ್ತಾರೆ ಅಂತಲೇ ನಾನು ತಿಳಿದೆ.

ಜಮೀನ್ದಾರರು ಸಂತೆಯ ದಿನ ಬಂದರು, ಬೇಕೆಂದೇ. ಚಪ್ಪರದ ಹೊರಗೆ ನಿಂತರು, ಒಳಗೆ ಕಾಲಿಡಲಿಲ್ಲ. ಸುತ್ತ ಜನ ಕೂಡಿತು.

"ಏನ್ಲಾ, ಎಣ ಒತ್ತಿದ್ಯಲ್ಲ, ಅದು ಚಂದ್ರಿಕೆನೋ ಅಲ್ವೋ?"

ನಾನು ಹಿಂದೆ ನಿಂತು ಇವರ ಬೆನ್ನನ್ನೇ ನೋಡುತ್ತಿದ್ದೆ.

"ಔದು ಬುದ್ಧಿ. ಒಸದು. ಯಾರ್ ಮನ್ಗೂ ಓಗಿರ್ನಿಲ್ಲ. ಅದ್ನ ಎಣದ್ ಜತ್ಗೇ ಮಣ್ಣ್ ಮಾಡ್ದೊ."

"ಮಣ್ಣ್ ಮಾಡಿದ್ದ ಕಂಡೋರ್ ಯಾರು?"

"ಮೂರ್ ಜನ ಅವ್ರೆ ಬುದ್ಧಿ. ಕೇಳಿ."

ಮೂವರೂ ಸಂತೆಯಲ್ಲೇ ಇದ್ದರು. ಕರೆದರು. ಮೂವರ ಮನೆಯಲ್ಲೂ ಹುಳ ಇತ್ತು, ಮೂರನೇ ಜ್ವರ ಎದ್ದ, ಅಂದರೆ ಮೂರನೇ ಸಲ ಪೊರೆ ಕಳಚಿದ ಹುಳ. ಹೆಣ ಹೊತ್ತಿದ್ದೆ ಅಂದರೆ ಅವರ ಗೂಡನ್ನೂ ಯಾರೂ ಕೊಳ್ಳುವುದಿಲ್ಲ, ಮನೆಯಲ್ಲಿ ಹೆಂಡತಿ ಒಳಗೆ ಬಿಡುವುದಿಲ್ಲ. ಒಬ್ಬ ಅಂದ, ನಾನು ಆವತ್ತು ಊರಲ್ಲೇ ಇರಲಿಲ್ಲ. ಇನ್ನೊಬ್ಬ ಅಂದ, ಛತ್ರದ ತನಕ ಹೋಗಿದ್ದೆ, ಮುಟ್ಟಲಿಲ್ಲ. ಮೂರನೆಯವನು ನೆಲ ನೋಡಿದ. ಗುಂಪು ಕಟ್ಟಿದ ಮೇಷ್ಟ್ರು ಕಾಲರಾಕ್ಕೆ ಹೆದರಿ ತಮ್ಮೂರಿಗೆ ಹೋದವರು ಇನ್ನೂ ಬಂದಿರಲಿಲ್ಲ.

"ಅಂಗಾದ್ರೆ ಗುಂಡಿ ಅಗ್ದು ತೋರ್ಸು" ಅಂದರು ಜಮೀನ್ದಾರರು. "ಚಾಪ ಇದ್ರ ನಂಬ್ತೀವಿ."

ಇವರ ಮುಖ ಆಗ ಕೆಂಪಾಯಿತು. "ಕಾಲರಾದ್ ಎಣ ಬುದ್ಧಿ. ಅಗುದ್ರ ಊರ್ಗೆ ತಿರ್ಗ ಬತ್ತದೆ. ನಾ ಅಗ್ಯಲ್ಲ."

"ಇದ್ರ ತಾನೆ ಅಗ್ಯಾದು!" ಅಂತ ಯಾರೋ ಹಿಂದಿನಿಂದ ಅಂದರು. ಜನ ನಕ್ಕಿತು. "ಒಳ್ಗ ನಿಲ್ಸವ್ನೆ ನೋಡ್ರಪ್ಪ, ಯಾವ್ದ್ರ ಮೇಲ್ ಮಲ್ಗಿದ್ನೋ ಬಳೆಗಾರ" ಅಂದ ಇನ್ನೊಬ್ಬ.

ನಾನಾಗಿದ್ದರೆ ಅಗೆಯುತ್ತಿದ್ದೆ. ಊರಿಗೆ ಕಾಲರಾ ಬಂದರೆ ಬರಲಿ ಅಂತಲೇ ಅಗೆಯುತ್ತಿದ್ದೆ. ಇವರಿಗೆ ಅದನ್ನು ಹೇಳಿದೆ ಕೂಡ. ಇವರು ಆ ಸಂಜೆ ಊಟ ಮಾಡಲಿಲ್ಲ. ನಾನೂ ಮಗಳೂ ಮಾಡಿದೆವು.

ಆಮೇಲಿನ ಬೆಳೆಗೆ ಹುಳ ಹಣ್ಣಾಗುವ ದಿನಗಳು ಬಂದವು. ನಾವು ಚಂದ್ರಿಕೆಗಳನ್ನು ಕೊಡವಿ, ಬಿಸಿಲಿಗೆ ಹಾಕಿ, ಚಪ್ಪರದ ಮುಂದೆ ಸಾಲಾಗಿ ನಿಲ್ಲಿಸಿದೆವು. ಆ ನಾಲ್ಕಾರು ದಿನದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಆ ಬೆಳೆ ಹೋಯಿತು. ಬೆಳಗಿನಿಂದ ರಸ್ತೆ ನೋಡುತ್ತಾ ಕೂತೆವು. ಗಾಡಿಗಳು ಬಂದವು. ನಮ್ಮ ಮುಂದೆಯೇ ಹೋದವು. ಗಾಡಿಯ ಮೇಲೆ ಒಣ ತೊಗರಿಕಡ್ಡಿ, ಹುರುಳಿಬಳ್ಳಿ, ಪೊರಕೆ ಹುಲ್ಲಿನ ಕಂತೆ. ಆ ಕಸದ ಮೇಲೆ ಹುಳ ಬಿಟ್ಟು ಗೂಡು ಕಟ್ಟಿಸುತ್ತಾರಂತೆ. ಅರ್ಧಕ್ಕರ್ಧ ಗೂಡು ಕೊಳೆ ಹಿಡಿದು ಕೆಡುತ್ತದೆ. ಕೆಟ್ಟರೂ ಸರಿ, ನಮ್ಮದು ಬೇಡ. ಗಾಡಿಯವರು ನಮ್ಮ ಚಪ್ಪರ ಬಂದಾಗ ಎತ್ತಿನ ಬಾಲ ಮುರಿದು ಬೇಗ ಹೊಡೆಯುತ್ತಿದ್ದರು. ನೀರಿನ ಗುಡಾಣದಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ. ಸೊಳ್ಳೆಮರಿ ಆಡಿ ಅದರ ನೀರು ಪಾಚಿಗಟ್ಟಿತು. ನಾನೇ ಒಡೆದು ಹಾಕಿದೆ.

ಕೂಲಿಗಿದ್ದ ನಾಲ್ವರೂ ಒಬ್ಬೊಬ್ಬರಾಗಿ ಬಿಟ್ಟರು.

ಯಳಂದೂರಿಗೆ ಹೋಗೋಣ ಅಂದವಳು ನಾನು. ನಮ್ಮದು ಮದ್ರಾಸು ಸರ್ಕಾರ, ಅದು ಮೈಸೂರು ಮಹಾರಾಜರ ಸೀಮೆ. ಗಡಿ ದಾಟಿದರೆ ಬೇರೆ ಪೊಲೀಸು, ಬೇರೆ ಕಾನೂನು. ಮಾತೂ ದಾಟುವುದಿಲ್ಲ ಅಂತ ನಾನು ತಿಳಿದಿದ್ದೆ. ಚಂದ್ರಿಕೆಗಳನ್ನು ಗಾಡಿಗೆ ಹೇರಿಕೊಂಡು ಹೋದೆವು. ಒಂದು ತೋಪಿನಲ್ಲಿ ಇಳಿಸಿ ನಿಲ್ಲಿಸಿದೆವು. ಒಬ್ಬ ರೈತ ಬಂದ, ವಯಸ್ಸಾದವನು. ಪಟ್ಟಿ ಅಲ್ಲಾಡಿಸಿ ನೋಡಿದ, ಕಟ್ಟು ನೋಡಿದ, ಬಗ್ಗಿ ಮೂಸಿ ಕೂಡ ನೋಡಿದ.

"ಕೆಲ್ಸ ಚೆಂದಾಗದೆ ಕಣಪ್ಪ. ಯಾವೂರು?"

"ಕೊಳ್ಳೇಗಾಲ."

"ಅಲ್ಯಾರೋ ಎಣ ಒತ್ತಿದ್ ಚಂದ್ರಿಕೆನ ಬಾಡ್ಗೆಗ್ ಕೊಟ್ಟು ಊರೂರ್ ಉಳ ಸಾಯ್ಸುದ್ನಂತಲ್ಲ. ನಿನ್ಗೊತ್ತಾ ಅವ್ನು?"

ನಾನು ಇವರ ಕಾಲು ತುಳಿದೆ. ಗಟ್ಟಿಯಾಗಿಯೇ ತುಳಿದೆ.

"ಅದು ನಾನೇ ಕಣಣ್ಣ" ಅಂದರು. "ಆದ್ರ ನಡ್ದದ್ದು ಅಂಗಲ್ಲ..."

ಆ ರೈತ ಬೈಯಲಿಲ್ಲ. ಮುಟ್ಟಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ಹೊರಟ. ದೂರ ಹೋಗಿ ಕಾಲುವೆಯಲ್ಲಿ ಕೈ ತೊಳೆದದ್ದು ಕಂಡಿತು. ನಾವು ಮತ್ತೆ ಗಾಡಿಗೆ ಹೇರಿದೆವು. ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ನಿನ್ನ ನಾಲಿಗೆಗೆ ಕೀಲಿಲ್ಲವೇ, ಹೆಂಡತಿ ಮಗಳು ಇದ್ದಾರೆ ಅನ್ನುವುದು ನೆನಪಿಲ್ಲವೇ ಅಂದೆ. ಗಂಡನನ್ನು ಏಕವಚನದಲ್ಲಿ ಬೈದದ್ದು ಅವತ್ತೇ ಮೊದಲು. ಅವರು ಎತ್ತಿನ ಮೂಗುದಾರ ಹಿಡಿದು ನಡೆಯುತ್ತಲೇ ಇದ್ದರು.

ಅದಾದ ಮೇಲೆ ಒಬ್ಬಳು ಬಂದಳು. ಹನೂರಿನ ಕಡೆಯ ಒಂದು ಹಳ್ಳಿಯವಳು, ಗಂಡ ಸತ್ತವಳು, ತುಂಡು ಹೊಲದಲ್ಲಿ ಸೊಪ್ಪು ಬೆಳೆದು ಹುಳ ಸಾಕಿದ್ದಳು. ಅವಳ ಹುಳ ಹಣ್ಣಾಗಿತ್ತು. ಅವಳ ಊರ ಕಡೆ ಸ್ವಂತ ಚಂದ್ರಿಕೆ ಇದ್ದ ಒಬ್ಬಿಬ್ಬರು, ಮುಂಡೆ ಅಂತ, ಅವಳಿಗೆ ಕೊನೆಯಲ್ಲಿ ಕೊಡುತ್ತೇವೆ ಅಂದಿದ್ದರಂತೆ. ಕೊನೆ ಬರುವಷ್ಟರಲ್ಲಿ ಹುಳ ಉಳಿಯಬೇಕಲ್ಲ. 

"ನಮ್ದು ಗೊತ್ತಲ್ವಾ?" ಅಂತ ನಾನೇ ಕೇಳಿದೆ.

"ಗೊತ್ತು ಕನಕ್ಕ. ನಂಗ ಇನ್ನೇನ್ ಆಗ್ಬೇಕಾಗದೆ? ಒಂದು ಕೊಡಿ."

ಇವರು ಎಲ್ಲಕ್ಕಿಂತ ಚೆನ್ನಾಗಿದ್ದದ್ದನ್ನು ಆಯ್ದು ಕೊಟ್ಟರು. ಅವಳು ಅದರ ಮೇಲೆ ಹುಲ್ಲು ಮುಚ್ಚಿ ಗಾಡಿಗೆ ಹಾಕಿಸಿಕೊಂಡು ಹೋದಳು. ಆ ವಾರ ನಾವು ಬೇರೆ ಮಾತೇ ಆಡಲಿಲ್ಲ. ಇವರು ಎದ್ದರೆ ಕೂತರೆ ಥಂಡಿ ಬೀಳದಿರಲಿ, ಮೋಡ ಕವಿಯದಿರಲಿ ಅನ್ನುತ್ತಿದ್ದರು. ನಾನೂ ಅದನ್ನೇ ಬೇಡಿಕೊಂಡೆ.

ಅವಳು ತಿರುಗಿ ಬಂದದ್ದು ಮಧ್ಯಾಹ್ನ, ಬೀದಿಯವರೆಲ್ಲ ಉಂಡು ಮಲಗಿದ ಹೊತ್ತು. ಹುಲ್ಲಿನ ಕೆಳಗಿಂದ ಚಂದ್ರಿಕೆ ತೆಗೆದಳು. ನಾನು ಸುರುಳಿಯ ಸಂದಿಗೆ ಬೆರಳು ಹಾಕಿ ನೋಡಿದೆ. ಗೂಡು ಕಿತ್ತ ಕಡೆಯೆಲ್ಲ ನೂಲಿನ ಗುಂಜು ಬಿಳಿಯಾಗಿ, ಒಣಗಿ ನಿಂತಿತ್ತು. ಒಂದು ಕಲೆಯಿಲ್ಲ, ಒಂದು ಸತ್ತ ಹುಳ ಅಂಟಿಲ್ಲ. ಸೆರಗಿನಿಂದ ಒಂದು ಗೂಡು ತೆಗೆದು ತೋರಿಸಿದಳು, ಕಲ್ಲಿನ ಹಾಗಿತ್ತು.

ನಾನು ಅವಳ ಕೈ ಹಿಡಿದುಕೊಂಡೆ. "ಬಾವ್ವ, ನಾಳೆ ಸಂತೆಲಿ ಬಂದು ಒಂದ್ ಮಾತ್ ಯೋಳು. ಇವ್ರ ಚಂದ್ರಿಕೆಲಿ ಕಟ್ಟುದ್ ಗೂಡು ಇದು ಅಂತ. ಅಷ್ಟೇ ಸಾಕು."

ಅವಳು ಕೈ ಕಿತ್ತುಕೊಂಡಳು. "ಬ್ಯಾಡ ಕನಕ್ಕ. ಗೂಡ ಇನ್ನೂ ಮಾರಿಲ್ಲ. ಇಲ್ಲಿ ಕಟ್ಸುದ್ದು ಅಂದ್ರ ಯಾರ್ ಮುಟ್ಟರು? ಮುಂದಿನ್ ಬೆಳ್ಗ ನನ್ಗ ಉಳದ್ ಮೊಟ್ಟ ಕೊಟ್ಟಾರಾ? ನಿಮ್ ಕಾಲ್ಗ್ ಬೀಳ್ತೀನಿ, ಯಾರ್ಗೂ ಯೋಳ್ಬೇಡಿ." ಬಿದ್ದಳು ಕೂಡ.

ಇವರು ಹಿಂದಕ್ಕೆ ಸರಿದು ಅವಳನ್ನು ಏಳಿಸಿದರು. "ಓಗವ್ವ. ಮಾರ್ಕೋ ಓಗು. ನಾವ್ ಯಾರ್ಗೂ ಯೋಳಲ್ಲ."

ಅವಳು ಹೋದ ಮೇಲೆ ನಾನು ಹೇಳಿದೆ, "ನಿಜ ಯೋಳ್ತೀನಿ ಅಂತ ಅಂಗ್ಡಿ ಕಳುದ್ರಿ. ಇವತ್ತು ಅಂಗ್ಡಿ ಉಳ್ಸೋ ನಿಜ ಸಿಕ್ಕದೆ. ಈಗ ಬಾಯ್ ಮುಚ್ಚೀರಾ? ನೀವ್ ಯೋಳ್ದಿದ್ರ ಬುಡಿ, ನಾನ್ ಯೋಳ್ತೀನಿ."

"ಅವತ್ತು ಓದುದ್ದು ನಂದು. ಇವತ್ತು ನೀನ್ ಬಾಯ್ ಬುಟ್ರ ಓಗಾದು ಅವ್ಳದು."

"ಅವ್ಳ್ಯಾರು ನಿಮ್ಗೆ?"

ಅವರು ಆ ಚಂದ್ರಿಕೆಯನ್ನು ಎತ್ತಿ ಬಿಸಿಲಿಗೆ ಒಯ್ದರು. ಕೊನೆಗೆ ನಾನೂ ಸಂತೆಗೆ ಹೋಗಿ ಹೇಳಲಿಲ್ಲ. ಅವಳ ಮೇಲಿನ ಕರುಣೆಯಿಂದಲ್ಲ. ನಾನು ಹೇಳಿದರೆ ಅವಳು ಇಲ್ಲ ಅನ್ನುತ್ತಾಳೆ, ಆ ಮೂವರು ಅಂದ ಹಾಗೆ. ಆಗ ಹೆಣದವರ ಜೊತೆಗೆ ಸುಳ್ಳರು ಅಂತಲೂ ಆಗುತ್ತೇವೆ. ಅಷ್ಟು ನನಗೆ ಗೊತ್ತಾಗುತ್ತಿತ್ತು.

ಮಳೆಗಾಲ ಬಂತು. ಗರಿ ಬದಲಾಯಿಸಲಿಲ್ಲ, ಚಪ್ಪರ ಸೋರಿತು. ಚಂದ್ರಿಕೆಗಳಿಗೆ ಬೂಸಲು ಹತ್ತಿತು. ಇವರು ಒಂದೊಂದನ್ನೇ ಮಡಿಲಿಗೆ ಎಳೆದುಕೊಂಡು ತಾವೇ ಕಟ್ಟಿದ ಕಟ್ಟನ್ನು ತಾವೇ ಬಿಚ್ಚಿದರು. ಕೆಟ್ಟದ್ದು ಒಲೆಗೆ ಹೋಯಿತು. ಗಟ್ಟಿಯಿದ್ದ ಚಾಪೆಯ ಸೀಳುಗಳನ್ನು ಕೆರೆಯಲ್ಲಿ ನೆನೆಹಾಕಿ ಮಂಕರಿ ಹೆಣೆದೆವು. ಹಳೆಯ ಬಿದಿರಿನಲ್ಲಿ ಮೊರವಾಗುವುದಿಲ್ಲ, ಬಾಗಿಸಿದರೆ ಮುರಿಯುತ್ತದೆ. ಒರಟು ಮಂಕರಿ ಆಗುತ್ತದೆ. ಮತ್ತೆ ಹೊರೆ ಏರಿಸಿದೆ. ಈ ಸಲ ಮಗಳ ತಲೆಯ ಮೇಲೂ ಒಂದು ಸಣ್ಣ ಹೊರೆ.

ಮುಳ್ಳೂರಿನಲ್ಲಿ ಒಂದು ಮನೆಯ ಮುಂದೆ ಇಳಿಸಿದೆವು. ಅಂಗಡಿಗೆ ಬರುತ್ತಿದ್ದವರು ಗಂಡಸರು, ಅಲ್ಲಿನ ಹೆಂಗಸರಿಗೆ ನಮ್ಮ ಮುಖದ ಗುರುತಿರಲಿಲ್ಲ. ಆ ಮನೆಯ ಅವ್ವ ಒಂದು ಮಂಕರಿ ಎತ್ತಿ ಕುಕ್ಕಿ ನೋಡಿದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಒಳಗೆ ಹುಳ ಇದೆ ಅಂತ ಅದರ ಗುರುತು.

"ಉಳಕ್ಕ ಸೊಪ್ಪ್ ಒರೋಕೆ ಬೇಕಾಗಿತ್ತು. ಒಳ್ಳೇ ಬಿದ್ರೇನಪ್ಪ ಇದು?"

ನಾನು ಇವರ ಕಡೆ ನೋಡಿದೆ. ಇವರು ಇನ್ನೇನು ಬಾಯಿ ಬಿಡುತ್ತಾರೆ, ಚಂದ್ರಿಕೆ ಬಿಚ್ಚಿ ಹೆಣೆದದ್ದು ತಾಯೀ ಅನ್ನುತ್ತಾರೆ, ಮಂಕರಿಯೂ ಹೋಯಿತು ಅಂದುಕೊಂಡೆ.

"ಹನೂರ್ ಕಾಡಿನ್ ಬಿದ್ರು ಕನವ್ವ" ಅಂದರು. ಇನ್ನೇನೂ ಅನ್ನಲಿಲ್ಲ. ಅವಳು ಕೊಂಡಳು.

ಹಿಂದಿನ ವರ್ಷ ಜಮೀನ್ದಾರರ ಮುಂದೆ ಆಡಿ ಅಂತ ನಾನು ಕೇಳಿಕೊಂಡದ್ದು ಹೀಗೆ ಮುಚ್ಚಿಟ್ಟ ಒಂದು ಮಾತನ್ನೇ. ಆ ಮಾತು ಈಗ ಬಂತು, ಒಂದು ಸೊಪ್ಪಿನ ಮಂಕರಿಗೆ. ಊರು ದಾಟಿದ ಮೇಲೆ ಅವರು ದಾರಿಯ ಪಕ್ಕ ಕೂತುಬಿಟ್ಟರು. ಕಾಲು ನೋವೇ ಅಂದೆ. ಅಲ್ಲ ಅಂದರು. ಮುಂದಿನ ಊರು ದೂರ ಇತ್ತು, ಮಗಳು ನೀರು ಕೇಳುತ್ತಿದ್ದಳು. ನಾನು ಅವರ ಹೊರೆಯಿಂದ ನಾಲ್ಕು ಮಂಕರಿ ತೆಗೆದು ನನ್ನದಕ್ಕೆ ಹಾಕಿಕೊಂಡು, ಏಳಿ ಅಂದೆ.

ಎದ್ದರು. ಆಮೇಲಿನ ಬೇಸಿಗೆಯಲ್ಲಿ ಮೇಷ್ಟ್ರು ಮನೆಗೇ ಬಂದು ಬಾವಿಗಳಿಗೆ ಪುಡಿ ಹಾಕಬೇಕು ಬಾರಯ್ಯ ಅಂತ ಕರೆದರು. ಇವರು ಕೂತಲ್ಲಿಂದ ತಲೆ ಎತ್ತಲಿಲ್ಲ, ಕತ್ತಿಯಲ್ಲಿ ಬಿದಿರು ಸೀಳುತ್ತಲೇ ಇದ್ದರು. ಮೇಷ್ಟ್ರು ಹೊರಟುಹೋದರು. ಕೊಳ್ಳೇಗಾಲ ಮೈಸೂರಿಗೆ ಸೇರುವ ಮೊದಲೇ ಇವರು ತೀರಿಕೊಂಡರು. ಅಲ್ಲಿಯ ತನಕ ಯಾರಿಗೂ ಹೆಗಲು ಕೊಡಲಿಲ್ಲ, ಯಾರ ಜೊತೆಗೂ ಹೆಚ್ಚು ಮಾತಾಡಲಿಲ್ಲ, ನನ್ನ ಜೊತೆಗೂ ಇಲ್ಲ. ನಾನು ಮಂಕರಿ ಹೊರುವುದನ್ನು ಅದಾಗಿ ಬಹಳ ಕಾಲ ಬಿಡಲಿಲ್ಲ.